ದ್ವೀಪದ ಗಾಳಿ ಮತ್ತು ಮರದ ಕ್ಯಾಮೆರಾ

ಕಳೆದ ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳ ಪೂಜೆಗೆಂದು ನಮ್ಮ ಆದೋನಿಯ ಅಂಗಡಿಯ ಅಟ್ಟವನ್ನು ಗುಡಿಸುತ್ತಿದ್ದಾಗ ಮೊಮ್ಮಗ ಒಂದು ಮರದ ಪೆಟ್ಟಿಗೆಯನ್ನು ಕೆಳಗಿಳಿಸಿ, "ತಾತಾ, ಇದು ಹಾರ್ಮೋನಿಯಮ್ಮಾ?" ಎಂದು ಕೇಳಿದ. ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದು ಕೇರಳದ ಆಲಪ್ಪುಳದಲ್ಲಿ ತಯಾರಾದ 'ವಾಗೀಶ್ವರಿ' ಎಂಬ ಕ್ಯಾಮೆರಾ. ಅದನ್ನು ಮಾಡುತ್ತಿದ್ದ ಮನೆಯವರು ಮೊದಲು ಹಾರ್ಮೋನಿಯಂ ಮುಂತಾದ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದವರು. ನಲವತ್ತರ ದಶಕದಲ್ಲಿ ಒಬ್ಬ ಫೋಟೊಗ್ರಾಫರು ತಮ್ಮ ಕ್ಯಾಮೆರಾದ ಹರಿದ ತಿದಿಯನ್ನು, ಹಾರ್ಮೋನಿಯಂ ತಿದಿ ಕಟ್ಟುವವರು ಇದನ್ನೂ ಕಟ್ಟಿಯಾರು ಎಂದು ಅವರ ಬಳಿ ತಂದರಂತೆ. ಅದನ್ನು ಸರಿ ಮಾಡಿಕೊಟ್ಟ ಮೇಲೆ ಅವರು ಕ್ಯಾಮೆರಾವನ್ನೇ ಮಾಡಲು ಕೈಹಾಕಿದರು. ತೇಗದ ಮರ, ಹಿತ್ತಾಳೆಯ ಕೀಲು, ಮಡಿಕೆ ಮಡಿಕೆಯಾದ ತಿದಿ. ದಕ್ಷಿಣ ದೇಶದ ಎಷ್ಟೋ ಸ್ಟುಡಿಯೊಗಳಲ್ಲಿ ನಮ್ಮ ಹಿರಿಯರ ಫೋಟೊಗಳನ್ನು ತೆಗೆದದ್ದು ಇಂಥ ಪೆಟ್ಟಿಗೆಗಳೇ.

ಇದು ನನ್ನ ಕೈಗೆ ಬಂದದ್ದು 1988ರಲ್ಲಿ. ನಮ್ಮೂರಿನ ಹಳೆಯ ಸ್ಟುಡಿಯೊ ಒಂದರ ಯಜಮಾನರು, ಬಣ್ಣದ ಫೋಟೊಗಳ ಕಾಲ ಬಂದಿತೆಂದು, 1500 ರೂಪಾಯಿಗೆ ಕೊಟ್ಟುಬಿಟ್ಟರು. ನಮ್ಮ ತಂದೆಯವರ ಫೋಟೊ, ಅಂಗಡಿಯ ಗಾದಿಯ ಮೇಲೆ ಈಗಲೂ ಹಾರ ಹಾಕಿಸಿಕೊಂಡು ಕೂತಿರುವುದು, ಇದೇ ಕ್ಯಾಮೆರಾದಲ್ಲಿ ತೆಗೆದದ್ದು. ಆ ಕಾರಣಕ್ಕೇ ಕೊಂಡೆ. ಇಲ್ಲದಿದ್ದರೆ ಹತ್ತಿಯ ದಲಾಲಿ ಮಾಡುವವನಿಗೆ ಕ್ಯಾಮೆರಾ ಯಾತಕ್ಕೆ? ಯಜಮಾನರು ಬಿಡುವಿದ್ದ ದಿನ ಕೂಡಿಸಿಕೊಂಡು ವಿದ್ಯೆಯನ್ನೂ ಹೇಳಿಕೊಟ್ಟರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಈಗಿನ ಮಕ್ಕಳಿಗೆ ಅದರ ಕ್ರಮ ಹೇಳಿದರೆ ನಗು ಬರುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಇಡಬೇಕು. ಹಿಂದೆ ಮಸುಕು ಗಾಜು ಒಂದಿರುತ್ತದೆ. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ನೋಡಿದರೆ ಎದುರಿನವರು ಆ ಗಾಜಿನ ಮೇಲೆ ತಲೆಕೆಳಗಾಗಿ ಕಾಣುತ್ತಾರೆ. ತಿದಿಯನ್ನು ಹಿಂದೆ ಮುಂದೆ ಸರಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಫಿಲಂ ಇರುವ ಹಲಗೆಯನ್ನು ಗಾಜಿನ ಜಾಗಕ್ಕೆ ಕೂಡಿಸಿ, ಅದರ ಮುಚ್ಚಳ ಎಳೆದು, ಶಟರ್ ಒತ್ತಬೇಕು. ಫಿಲಂ ಎಂದರೆ ಸುರುಳಿಯಲ್ಲ, ಆರೂವರೆ ಇಂಚಿಗೆ ನಾಲ್ಕು ಮುಕ್ಕಾಲು ಇಂಚಿನ ಬಿಡಿ ಹಾಳೆ. ಒಂದು ಹಲಗೆಗೆ ಈಚೆಗೊಂದು ಆಚೆಗೊಂದು, ಎರಡು ಹಾಳೆ. ನನ್ನ ಬಳಿ ಆರು ಹಲಗೆ ಇದ್ದವು, ಅಂದರೆ ಒಟ್ಟು ಹನ್ನೆರಡು ಫೋಟೊ. ತಪ್ಪಿದರೆ ಹಾಳೆಯ ದುಡ್ಡು ಹೋಯಿತು. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕೆ?

ಕೈ ಪಳಗಿಸಿಕೊಳ್ಳಲು ನಾನು ಹೋಗುತ್ತಿದ್ದದ್ದು ನಮ್ಮ ಕೋಟೆ ಬೆಟ್ಟಕ್ಕೆ. ಬಾರಾಕಿಲ್ಲದ ಬಂಡೆಯ ಮೇಲೆ ಕೊರೆದ ಜಿನಬಿಂಬಗಳನ್ನು ಆದೋನಿಗೆ ಬಂದ ಧರ್ಮಬಂಧುಗಳು ನೋಡಿರಬಹುದು. ನೋಡದಿದ್ದರೆ ಒಮ್ಮೆ ಹತ್ತಿ ನೋಡಿರಿ. ಊರಲ್ಲಿ ಅರ್ಧ ಜನಕ್ಕೆ ಅವು ಅಲ್ಲಿರುವುದೇ ಗೊತ್ತಿಲ್ಲ. ಬೆಟ್ಟದ ಮೇಲೆ ಗಾಳಿ ಇರುತ್ತಿತ್ತು. ಆದರೆ ಬಂಡೆ ಅಲುಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಐದಾರು ಚಿತ್ರ ಚೆನ್ನಾಗಿ ಬಂದವು. ವಿದ್ಯೆ ಬಂತೆಂದು ತಿಳಿದೆ.

1995ರಲ್ಲಿ ಧರ್ಮಸ್ಥಳದ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಆ ಮೂರ್ತಿಯ ಪ್ರತಿಷ್ಠೆಯಾದದ್ದು 1982ರಲ್ಲಿ. ಆಗ ನಮ್ಮವ್ವನಿಗೆ ಹೋಗಲು ಆಗಿರಲಿಲ್ಲ. "ಈ ಸಲ ಕರಕೊಂಡು ಹೋಗ್ದಿದ್ರ ಮುಂದಿನ ಸಲಕ್ಕ ನಾನಿರಂಗಿಲ್ಲಪ್ಪ" ಎಂದಳು. ಒಂದು ವ್ಯಾನ್ ಮಾತಾಡಿಕೊಂಡು ಅವ್ವ, ನಾವು, ತಮ್ಮನ ಸಂಸಾರ, ಮಕ್ಕಳು ಎಲ್ಲರೂ ಬಳ್ಳಾರಿ, ಹೊಸಪೇಟೆ, ಶಿವಮೊಗ್ಗದ ಮೇಲೆ ಹಾದು ಘಟ್ಟ ಇಳಿದೆವು. ನಾನು ಕ್ಯಾಮೆರಾ ಪೆಟ್ಟಿಗೆ, ಸ್ಟ್ಯಾಂಡು, ಹಲಗೆಗಳ ಚೀಲ ಎಲ್ಲವನ್ನೂ ಹೇರಿದ್ದೆ. "ಆ ಜಾಗದಾಗ ಇನ್ನೊಬ್ರು ಮನುಷ್ಯರನ್ನ ಕೂಡಿಸ್ಬೋದಿತ್ತು" ಎಂದು ನನ್ನ ಮನೆಯವರು ದಾರಿಯುದ್ದಕ್ಕೂ ಹೇಳಿದರು. ನನ್ನ ಆಸೆ ಒಂದೇ. ತಂದೆಯವರದೊಂದು ದೊಡ್ಡ ಫೋಟೊ ಮನೆಯಲ್ಲಿದೆ, ಅವ್ವನದು ಇಲ್ಲ. ಅವಳು ಸ್ಟುಡಿಯೊ ಮೆಟ್ಟಿಲು ಹತ್ತಿದವಳೇ ಅಲ್ಲ. ಈ ಯಾತ್ರೆಯಲ್ಲಿ ಹೇಗಾದರೂ ತೆಗೆದುಬಿಡಬೇಕು.

ಧರ್ಮಸ್ಥಳದ ಆ ಜನಸಾಗರದಲ್ಲಿ ಕ್ಯಾಮೆರಾ ಪೆಟ್ಟಿಗೆಯನ್ನು ಬಿಚ್ಚುವ ಮಾತೇ ಇರಲಿಲ್ಲ. ಅಭಿಷೇಕವನ್ನು ಕಣ್ತುಂಬ ನೋಡಿದೆವು, ಸಾಕು. ವೇಣೂರು, ಮೂಡುಬಿದಿರೆ ಮುಗಿಸಿ ಕಾರ್ಕಳಕ್ಕೆ ಬಂದಾಗ ಮಕ್ಕಳು ಹಟ ಹಿಡಿದರು, ಸಮುದ್ರ ತೋರಿಸಬೇಕೆಂದು. ಆದೋನಿಯ ಮಕ್ಕಳು, ತುಂಗಭದ್ರೆಗಿಂತ ದೊಡ್ಡ ನೀರು ಕಂಡವರಲ್ಲ. ಅವ್ವನೂ ಕಂಡವಳಲ್ಲ. ಉಡುಪಿಯ ಹತ್ತಿರದ ಮಲ್ಪೆಗೆ ಹೋದೆವು.

ಮಲ್ಪೆ ಮೀನುಗಾರಿಕೆಯ ಬಂದರು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೆಲ ನೋಡದೆ ನನ್ನ ಕೈ ಹಿಡಿದು ನಡೆದಳು. ಅಲ್ಲಿಂದ ಸುಮಾರು ಆರು ಕಿಲೋಮೀಟರು ಕಡಲೊಳಗೆ ಸೇಂಟ್ ಮೇರೀಸ್ ದ್ವೀಪಗಳು. ಊರಿನವರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ಮುಂಚೆ ಇಲ್ಲಿ ಇಳಿದು ಹೆಸರಿಟ್ಟನೆಂದು ಪ್ರತೀತಿ. ದೊಡ್ಡ ದೋಣಿ ಸ್ವಲ್ಪ ದೂರದಲ್ಲೇ ನಿಂತಿತು. ಚಿಕ್ಕ ದೋಣಿಗೆ ಇಳಿಯುವಾಗ ನಾನು ಮೊದಲು ಕ್ಯಾಮೆರಾ ಇಳಿಸಿ ಆಮೇಲೆ ಅವ್ವನಿಗೆ ಕೈ ಕೊಟ್ಟೆ. ನನ್ನ ತಮ್ಮ ಅದನ್ನು ಇವತ್ತಿಗೂ ಆಡಿ ತೋರಿಸುತ್ತಾನೆ.

ದ್ವೀಪದಲ್ಲಿ ಮನೆಯಿಲ್ಲ, ಮಠವಿಲ್ಲ. ತೆಂಗಿನ ಮರ, ಕಪ್ಪೆಚಿಪ್ಪಿನ ದಂಡೆ, ಮತ್ತು ಆ ಕಲ್ಲುಗಳು. ಕೈಯಿಂದ ಕಡೆದು ನಿಲ್ಲಿಸಿದಂತೆ ಐದು ಮೂಲೆ, ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಹಿಂದಿನ ದಿನವೇ ನೋಡಿದ್ದರಿಂದ ಮಕ್ಕಳು, "ಇಲ್ಲಿ ಬಸದಿ ಬಿದ್ದುಹೋಗಿದೆಯಾ?" ಎಂದು ಕೇಳಿದರು. ಯಾರೂ ಕಡೆದದ್ದಲ್ಲ. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷದ ಕೆಳಗೆ, ಮಡಗಾಸ್ಕರ್ ನಮ್ಮ ನಾಡಿಗೆ ಅಂಟಿಕೊಂಡಿದ್ದದ್ದು ಬಿಟ್ಟುಹೋಗುವ ಕಾಲದಲ್ಲಿ, ನೆಲದೊಳಗಿನ ಕುದಿಕಲ್ಲು ಉಕ್ಕಿ ಬಂದು, ಆರುವಾಗ ಬಿರುಕು ಬಿಟ್ಟು ಈ ಆಕಾರವಾಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಕೆರೆಯ ಕೆಸರು ಒಣಗಿದಾಗ ಬಿರಿಯುವುದಿಲ್ಲವೇ, ಹಾಗೆ.

ಆ ಕಂಬಗಳ ಮುಂದೆ ಎಲ್ಲರನ್ನೂ ಕೂಡಿಸಿ ತೆಗೆಯಬೇಕೆಂದು ಸ್ಟ್ಯಾಂಡು ಹೂಡಿದೆ. ಮಧ್ಯಾಹ್ನವಾಗಿತ್ತು. ಕಡಲ ಕಡೆಯಿಂದ ಗಾಳಿ ಎದ್ದಿತು.

ನಮಗೆ ಗಾಳಿ ಹೊಸದಲ್ಲ. ಆಷಾಢದಲ್ಲಿ ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಎಳೆ ಹಾರಿ ಕಣ್ಣು ಬಿಡಲಾಗುವುದಿಲ್ಲ. 'ಗಾಳಿ ಬಂದಾಗ ತೂರಿಕೋ' ಎಂದೇ ನಾವು ವ್ಯಾಪಾರ ಕಲಿತದ್ದು. ಆದರೆ ಈ ಕ್ಯಾಮೆರಾದ ನ್ಯಾಯವೇ ಉಲ್ಟಾ, ಗಾಳಿ ಹೋದಾಗ ತೆಗೆದುಕೊಳ್ಳಬೇಕು. ಅಲ್ಲಿ ಗಾಳಿ ಹೋಗಲೇ ಇಲ್ಲ. ತಿದಿ ಹಾಯಿಯಂತೆ ಉಬ್ಬಿ ಇಡೀ ಪೆಟ್ಟಿಗೆ ಗಡಗಡ ನಡುಗುತ್ತಿತ್ತು. ಸ್ಟ್ಯಾಂಡಿನ ಕಾಲು ಚಿಪ್ಪಿನಲ್ಲಿ ಹೂತುಹೋಯಿತು. ಕಲ್ಲು ತುಂಬಿದ ಕೈಚೀಲವನ್ನು ಸ್ಟ್ಯಾಂಡಿನ ನಡುವೆ ನೇತು ಹಾಕಿದೆ, ಕಾಲುಗಳನ್ನು ಗಿಡ್ಡ ಮಾಡಿದೆ, ತಮ್ಮನಿಗೆ ಕೊಡೆ ಹಿಡಿದು ಅಡ್ಡ ನಿಲ್ಲು ಎಂದೆ. ಕೊಡೆ ತಿರುವುಮುರುವಾಯಿತು. ಉಪ್ಪುನೀರಿನ ತುಂತುರು ಲೆನ್ಸಿನ ಮೇಲೆ. ಶಟರ್ ಹಳೆಯದು, ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗಕ್ಕಿಂತ ಜೋರಾಗಿ ನಂಬುವಂತಿರಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆ ಎರಡು ಸಲ ನಡುಗುತ್ತಿತ್ತು.

ಅವ್ವ ತೆಂಗಿನ ಬುಡದಲ್ಲಿ, ಸೋಸಿದ ನೀರಿನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಗಾಳೀನೂ ವಾಯುಕಾಯದ ಜೀವ ಅಲ್ಲೇನಪ್ಪ? ಅದರ ಜತಿ ಯಾಕ ಜಗಳ ಮಾಡ್ತೀ, ಬಿಡು" ಎಂದಳು. ನಾನು ಬಿಡಲಿಲ್ಲ. ಏಳು ಹಾಳೆ ತೆಗೆದೆ. ಎಂಟನೆಯದರ ಮುಚ್ಚಳ ಎಳೆಯುವಾಗ ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಹಾಳೆಗೆ ಬಿಸಿಲು ಬಿದ್ದು ಹಾಳಾಯಿತು.

ಇಲ್ಲಿ ನನ್ನ ಬುದ್ಧಿವಂತಿಕೆಯ ಒಂದು ಮಾತು ಹೇಳಬೇಕು. ಕರಿ ಬಟ್ಟೆ ಹಾರದಿರಲೆಂದು ನಾನು ಊರಲ್ಲೇ ಅದರ ನಾಲ್ಕು ಮೂಲೆಗೂ ತಕ್ಕಡಿಯ ಐವತ್ತು ಗ್ರಾಮಿನ ಕಬ್ಬಿಣದ ಬೊಟ್ಟುಗಳನ್ನು ಇಟ್ಟು ಹೊಲಿಸಿದ್ದೆ. ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟಿದ್ದೆ. ಆ ಗಾಳಿ ಬಟ್ಟೆಯನ್ನು ಚಾಟಿಯಂತೆ ಬೀಸಿತು. ಒಂದು ಬೊಟ್ಟು ಹಿಂದಿನ ಮಸುಕು ಗಾಜಿಗೆ ಬಡಿದು ಗಾಜು ನಾಲ್ಕು ಚೂರಾಯಿತು. ನನ್ನ ತೂಕದಿಂದಲೇ ನನಗೆ ನಷ್ಟ. ದೋಣಿಯವನು, ಗಾಳಿ ಇನ್ನೂ ಏರುತ್ತದೆ, ಹೊರಡಿರಿ ಎಂದು ಕೂಗಿದ. ಸೂರ್ಯಾಸ್ತಕ್ಕೆ ಮುಂಚೆ ಎಲ್ಲರ ಊಟ ಆಗಬೇಕಿತ್ತು. ಬಾಯಿ ಮುಚ್ಚಿಕೊಂಡು ದೋಣಿ ಹತ್ತಿದೆ.

ಆ ರಾತ್ರಿ ಕಾರ್ಕಳದಲ್ಲಿ ಇಳಿದುಕೊಂಡಿದ್ದೆವು. ನಿದ್ರೆ ಬರಲಿಲ್ಲ. ನಿದ್ದೆಗೆಟ್ಟು ಯೋಚಿಸುವ ಬದಲು ಎದ್ದು ಪೇಟೆಗೆ ಹೋದೆ. ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಮುಚ್ಚುವುದರಲ್ಲಿತ್ತು. ಮುರಿದ ಗಾಜಿನ ಅಳತೆಗೆ ಒಂದು ಸಾದಾ ಗಾಜು ಕತ್ತರಿಸಿಕೊಟ್ಟರು. ಅದರ ಒಳಮುಖಕ್ಕೆ, ಅಂದರೆ ಲೆನ್ಸಿನ ಕಡೆಗೆ, ಮಿಠಾಯಿ ಸುತ್ತುವ ಬಟರ್ ಪೇಪರನ್ನು ಸುಕ್ಕಿಲ್ಲದಂತೆ ಬಿಗಿದು ಅಂಟಿಸಿದೆ. ಹೊರಮುಖಕ್ಕೆ ಅಂಟಿಸಿದರೆ ಗಾಜಿನ ದಪ್ಪದಷ್ಟು ಲೆಕ್ಕ ತಪ್ಪಿ ಫೋಟೊ ಮಸುಕಾಗುತ್ತದೆ. ದೀಪ ಎದುರಿಟ್ಟು ನೋಡಿದೆ. ದೀಪ ತಲೆಕೆಳಗಾಗಿ ಉರಿಯಿತು. ಕೆಲಸ ನಡೆಯುತ್ತದೆ ಎಂದು ಮಲಗಿದೆ.

ಮರುದಿನ ಆಗುಂಬೆ ದಾರಿಯಲ್ಲೇ ವಾಪಸು. ಆ ದಾರಿಯಲ್ಲಿ ವರಂಗ ಸಿಗುತ್ತದೆ. ಅಲ್ಲಿಯ ಕೆರೆ ಬಸದಿಯನ್ನು ನೋಡದ ಜೈನರು ಕಡಿಮೆ ಇರಬಹುದು. ದೊಡ್ಡ ಕೆರೆಯ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಬಸದಿ, ಹೋಗಬೇಕಾದರೆ ದೋಣಿಯೇ ಗತಿ. ಹಿಂದೆ ಪಶ್ಚಿಮ ಘಟ್ಟ. ಇದೂ ದ್ವೀಪವೇ ಅಲ್ಲವೇ? ಆರೂವರೆಗೆಲ್ಲ ತಲುಪಿದ್ದೆವು. ದೋಣಿಯವನು ಇನ್ನೂ ಬಂದಿರಲಿಲ್ಲ. ಸೂರ್ಯ ಘಟ್ಟದ ಹಿಂದೆಯೇ ಇದ್ದ. ಎಲೆ ಅಲುಗುತ್ತಿರಲಿಲ್ಲ.

ಅವ್ವ ದಡದ ಒಂದು ಕಲ್ಲಿನ ಮೇಲೆ ಕೂತಳು. ನಾನು ಹೆದರುತ್ತ ಕೇಳಿದೆ, "ಅವ್ವಾ, ಬೆಳಕು ಕಮ್ಮಿ ಐತಿ. ಒಂದು ಸೆಕೆಂಡು ಅಲುಗದಂಗ ಕೂಡಬೇಕಾಗ್ತದ." ಅವಳು ನಕ್ಕಳು. "ಒಂದು ಸೆಕೆಂಡಂತ! ನಾನು ಹೆಂಗೂ ಸಾಮಾಯಿಕಕ್ಕ ಕೂಡ್ತೀನಿ, ಎರಡು ಘಳಿಗೆ. ನೀನು ಏನು ಬೇಕಾದ್ದು ಮಾಡ್ಕೊ, ಮಾತಾಡ್ಸಬ್ಯಾಡ."

ನಲವತ್ತೆಂಟು ನಿಮಿಷ. ನಾನು ಬಟ್ಟೆ ಹೊದ್ದು ಬಟರ್ ಪೇಪರಿನ ಮೇಲೆ ನೋಡುತ್ತ ನಿಂತೆ. ಬಸದಿ ಕೆಳಗೆ ತೂಗಾಡುತ್ತಿತ್ತು, ನೀರು ಮೇಲಿತ್ತು, ಅವ್ವ ತಲೆಕೆಳಗಾಗಿ ಕೂತಿದ್ದಳು, ಕಣ್ಣು ಅರ್ಧ ಮುಚ್ಚಿ. ಎಫ್ 22, ಒಂದು ಸೆಕೆಂಡು. ಮೊದಲನೆಯ ಹಾಳೆ ತೆಗೆದಾಗ ಬಸದಿಯ ಕಡೆಯಿಂದ ಒಂದು ಅಲೆ ಹೊರಟಿತ್ತು, ಮೀನೋ ಏನೋ. ಅದು ದಡ ಮುಟ್ಟಿ ಸುಮ್ಮನಾಗುವ ತನಕ ಕಾದೆ. ಎರಡನೆಯದನ್ನು ಒತ್ತಿದೆ. ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿದಿದ್ದವನು ನಾನು, ಅವಳಲ್ಲ. ಮಕ್ಕಳು ಕೂಡ ಅದೇಕೋ ಗಲಾಟೆ ಮಾಡಲಿಲ್ಲ. ಹಲಗೆ ಮತ್ತೊಂದಿತ್ತು, ತೆರೆಯಲಿಲ್ಲ. ಆಮೇಲೆ ದೋಣಿ ಬಂತು, ದರ್ಶನವಾಯಿತು.

ಊರಿಗೆ ಬಂದ ಮೇಲೆ ಹಳೆಯ ಯಜಮಾನರ ಕತ್ತಲೆ ಕೋಣೆಯಲ್ಲೇ ತೊಳೆಸಿದೆವು. ದ್ವೀಪದ ಏಳೂ ಹಾಳೆಗಳಲ್ಲಿ ಮನುಷ್ಯರೆಂದು ಗುರುತಿಸುವಂಥದ್ದು ಒಂದೂ ಇರಲಿಲ್ಲ, ಎಲ್ಲ ಒಗೆದು ಹರವಿದ ಬಟ್ಟೆಯಂತೆ. ಕೊನೆಗೆ ವರಂಗದ ಎರಡನೆಯ ಹಾಳೆ ತಟ್ಟೆಯಿಂದ ಎದ್ದು ಬಂತು. ದೀಪಕ್ಕೆ ಹಿಡಿದು ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. "ಇದು ಬಂತು ಸೇಟ್" ಎಂದರು.

ನಾನು ಆಸೆಯಿಂದ ಕೈಗೆ ತೆಗೆದುಕೊಂಡೆ. ಒದ್ದೆ ಹಾಳೆ ಬೆರಳಿಗೆ ಲೋಳೆ ಲೋಳೆಯಾಗಿ ತಾಕಿತು. ಏನಿದು ಎಂದು ಸಹಜವಾಗಿ ಕೇಳಿದೆ. ಅವರೂ ಸಹಜವಾಗಿ, "ಜಿಲೆಟಿನ್. ನೀರಲ್ಲಿ ಉಬ್ಬುತ್ತೆ" ಎಂದರು.

ಆ ಶಬ್ದ ನನಗೆ ಹೊಸದಾಗಿದ್ದರೆ ಚೆನ್ನಾಗಿತ್ತು. ಆ ದಿನಗಳಲ್ಲಿ ನಮ್ಮ ಸಮಾಜದಲ್ಲೆಲ್ಲ ಮಾತ್ರೆಯ ಕ್ಯಾಪ್ಸೂಲಿನ ಬಗ್ಗೆ, ಮಿಠಾಯಿಯ ಬೆಳ್ಳಿ ವರ್ಕಿನ ಬಗ್ಗೆ ಚರ್ಚೆ ನಡೆದಿತ್ತು. ಜಿಲೆಟಿನ್ ಎಂದರೆ ದನಗಳ ಮೂಳೆ, ಚರ್ಮ ಬೇಯಿಸಿ ತೆಗೆದದ್ದು ಎಂದು ತಿಳಿದ ದಿನದಿಂದ ಅವ್ವ ಡಾಕ್ಟರ ಹತ್ತಿರ, "ಕ್ಯಾಪ್ಸೂಲ್ ಬ್ಯಾಡ, ಗುಳಿಗಿ ಬರೀರಿ" ಎಂದು ವಾದ ಮಾಡುತ್ತಿದ್ದಳು. ಅದೇ ಜಿಲೆಟಿನ್ನಿನ ಮೇಲೆ ಈಗ ಅವಳು ಸಾಮಾಯಿಕದಲ್ಲಿ ಕೂತಿದ್ದಳು.

"ಮೊದಲೇ ಹೇಳಬಾರದಿತ್ತೇ?" ಎಂದೆ. "ನೀವು ಕೇಳಲಿಲ್ಲವಲ್ಲ. ನಿಮ್ಮ ತಂದೆಯವರ ಫೋಟೊ, ನಿಮ್ಮ ಮುನಿಗಳ ಫೋಟೊ, ಎಲ್ಲ ಇದರಲ್ಲೇ ತೆಗೆದದ್ದು. ಬೇರೆ ಯಾತರಲ್ಲಿ ತೆಗೀತಾರೆ?" ಎಂದರು. ಅವರ ಮಾತು ನಿಜ. ಆಮೇಲೆ ನಾನು ಓದಿ ತಿಳಿದುಕೊಂಡೆ. 1871ರಲ್ಲಿ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಬೆಳ್ಳಿಯ ಲವಣವನ್ನು ಜಿಲೆಟಿನ್ನಿನಲ್ಲಿ ಕೂಡಿಸುವ ದಾರಿ ತೋರಿಸಿದ ಮೇಲೆ ಫೋಟೊ ಪ್ರಪಂಚವೆಲ್ಲ ಅದರ ಮೇಲೇ ನಿಂತಿತು. ಅದಕ್ಕೆ ಮುಂಚೆ ಗಾಜಿಗೆ ಬಳಿಯುತ್ತಿದ್ದ ಕೊಲೋಡಿಯನ್ ಎಂಬ ಅಂಟನ್ನು ಹತ್ತಿಯನ್ನು ಆಮ್ಲದಲ್ಲಿ ನೆನೆಸಿ ಮಾಡುತ್ತಿದ್ದರಂತೆ. ಹಳೆಯ ಫಿಲಂನ ಬೆನ್ನಿನ ಹಾಳೆಯನ್ನೂ ಹತ್ತಿಕಾಳಿಗೆ ಅಂಟಿದ ಕಿರುನೂಲಿನಿಂದ, ನಮ್ಮ ವ್ಯಾಪಾರದವರು ಲಿಂಟರ್ಸ್ ಎನ್ನುವುದರಿಂದ, ಮಾಡುತ್ತಿದ್ದರು. ಬೆನ್ನು ನಮ್ಮ ಹತ್ತಿ, ಮುಖ ಮೂಳೆ! ಹತ್ತಿಯ ಊರಿನವನಿಗೆ ಇದು ತಿಳಿಯಲು ಅಷ್ಟು ವರ್ಷ ಬೇಕಾಯಿತು.

ಹದಿನೈದು ದಿನ ಅವ್ವನಿಗೆ ಹೇಳಲಿಲ್ಲ. ಫೋಟೊ ಎಲ್ಲಿ, ಎಂದು ಅವಳು ಕೇಳುತ್ತಲೇ ಇದ್ದಳು. ಬರಲಿಲ್ಲ ಎಂದು ಒಂದು ಸುಳ್ಳನ್ನೂ ಹೇಳಿದೆ. ಅದು ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಒಂದು ಚತುರ್ದಶಿಯ ದಿನ ಚಿತ್ರವನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಚಿತ್ರವನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಕೆರೆ, ಬಸದಿ, ಬಸದಿಯ ನೆರಳು, ತನ್ನ ಮುಖ. "ನಮ್ಮವ್ವ ಕೂತಂಗ ಕೂತೀನಿ" ಎಂದಳು. ಬಹಳ ಹೊತ್ತಿನ ಮೇಲೆ, "ಹರೀಬ್ಯಾಡ, ಸುಡಬ್ಯಾಡ. ದೇವರ ಕೋಣ್ಯಾಗ ಮಾತ್ರ ಇಡಬ್ಯಾಡ. ಇನ್ನ ಮ್ಯಾಲೆ ತೆಗೀಬ್ಯಾಡ" ಎಂದಳು. ನನಗೆ ಬೈಯಲಿಲ್ಲ. ಆದರೆ ಅಂದಿನಿಂದ ಒಂದು ತಿಂಗಳು ತುಪ್ಪ ಬಿಟ್ಟಳು. ತಪ್ಪು ನನ್ನದು, ತ್ಯಾಗ ಅವಳದು. ಪ್ರತಿದಿನ ಅವಳ ಒಣ ರೊಟ್ಟಿಯ ಪಕ್ಕದಲ್ಲಿ ಕೂತು ನಾನು ತುಪ್ಪ ಹಾಕಿಸಿಕೊಳ್ಳುವುದು ಹೇಗೆ? ನಾನೂ ಬಿಟ್ಟೆ.

ಮಾತು ಉಳಿಸಿಕೊಂಡೆ ಎಂದು ಎದೆ ತಟ್ಟಿ ಹೇಳಲಾರೆ. ಆ ಕ್ಯಾಮೆರಾದಲ್ಲಿ ಮತ್ತೆ ತೆಗೆಯಲಿಲ್ಲ, ಅಷ್ಟು ನಿಜ. 2006ರಲ್ಲಿ ಮಗಳ ಮದುವೆಗೆ ಫೋಟೊದವರನ್ನು ಕರೆಸಿ, ಎಲ್ಲರಂತೆ ದಪ್ಪ ಆಲ್ಬಂ ಮಾಡಿಸಿದೆ. ಅದೂ ಫಿಲಮ್ಮೇ, ಅದೂ ಜಿಲೆಟಿನ್ನೇ. ನಾನು ತೆಗೆಯಲಿಲ್ಲ, ದುಡ್ಡು ಕೊಟ್ಟು ತೆಗೆಸಿದೆ. ಬೀಗರ ಮುಂದೆ ಫೋಟೊ ಬೇಡವೆನ್ನಲು ಧೈರ್ಯವಾಗಲಿಲ್ಲ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ. ಅವಳು 2004ರಲ್ಲಿ ಹೋಗಿಬಿಟ್ಟಿದ್ದಳು. ಈಗ ಮೊಮ್ಮಕ್ಕಳ ಮೊಬೈಲಿನಲ್ಲಿ ಫಿಲಮ್ಮೇ ಇಲ್ಲ. ಆ ಚಿಂತೆ ಅವರಿಗಿಲ್ಲದೆ ಹೋಯಿತು. ಅವರು ಒಂದು ನಿಮಿಷಕ್ಕೆ ಮೂವತ್ತು ತೆಗೆದು, ಮೂವತ್ತನ್ನೂ ನೋಡುವುದಿಲ್ಲ.

ಅವ್ವ ಹೋದಾಗ ಶ್ರದ್ಧಾಂಜಲಿಯ ಪುಟಕ್ಕೆ ಕಳಿಸಲು ಮನೆಯಲ್ಲಿ ಅವಳದು ಬೇರೆ ಫೋಟೊ ಇರಲಿಲ್ಲ. ಅದನ್ನೇ ಕಳಿಸಿದೆವು. ಅಚ್ಚಿನವರು ಜಾಗಕ್ಕೆ ತಕ್ಕಂತೆ ಮುಖವನ್ನಷ್ಟೇ ಕತ್ತರಿಸಿ ಹಾಕಿದ್ದರು. ಕೆರೆಯೂ ಬಸದಿಯೂ ಹೊರಗುಳಿದವು. ಪೂರ್ತಿ ಚಿತ್ರ ನಮ್ಮ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ.

ಮೊಮ್ಮಗ ದೀಪಾವಳಿಯ ದಿನ ಕೊನೆಯ ಹಲಗೆಯನ್ನೂ ಹೊರತೆಗೆದಿದ್ದ. ವರಂಗದಲ್ಲಿ ತೆರೆಯದೆ ಬಿಟ್ಟದ್ದು, ಎರಡು ಹಾಳೆ ಇನ್ನೂ ಒಳಗಿವೆ. ಮುಚ್ಚಳ ಎಳೆಯಲು ಹೋದವನ ಕೈ ಹಿಡಿದುಕೊಂಡೆ. "ಒಳಗೆ ಏನಿದೆ ತಾತಾ?" ಎಂದ. ಏನೂ ಇಲ್ಲ, ಬೆಳಕು ಬಿದ್ದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಹತ್ತಿಸಿದೆವು. ಬಟ್ಟೆಯ ಒಂದು ಮೂಲೆಯಲ್ಲಿ ಐವತ್ತು ಗ್ರಾಮಿನ ಬೊಟ್ಟು ಇನ್ನೂ ಹಾಗೇ ಇದೆ.